ಮುಟ್ಟದ ಸುದ್ದಿ

ಬೇರೆ ಬೇರೆ ಕಡೆ ಇರುವ ಕಂಪ್ಯೂಟರ್‌ಗಳ ಪ್ರೋಗ್ರಾಂಗಳು ಒಂದಕ್ಕೊಂದು ಹೇಗೆ ಮಾತಾಡಿಕೊಳ್ಳಬೇಕು ಎಂಬ ವಿಷಯಕ್ಕೆ ನಾನು ಮೂಡಿಗೆರೆಯಲ್ಲಿ ದೊಡ್ಡ ಜಗಳ ಮಾಡಿದ್ದೇನೆ. ಕೇಳಿದವರಿಗೆ ನಗು ಬರುತ್ತದೆ. ಬೇಲಿಗೆ, ದಾರಿಗೆ, ನೀರಿಗೆ ಜಗಳವಾಡುವುದನ್ನು ನಮ್ಮ ಕಡೆಯವರು ನೋಡಿದ್ದಾರೆ; ಇಂಥದ್ದಕ್ಕೆ ಜಗಳವಾಡಿದವಳು ಬಹುಶಃ ನಾನೊಬ್ಬಳೇ. ಇದೇ ಊರಲ್ಲಿ ಬಾಳಬೇಕಾದವಳು ದೊಡ್ಡವರನ್ನು ಎದುರು ಹಾಕಿಕೊಳ್ಳಬಾರದು ಎಂದು ಅಮ್ಮ ತಿಂಗಳುಗಟ್ಟಲೆ ಹೇಳಿದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ನಮ್ಮದು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಬಂದ ಮನೆ. ಗೊಬ್ಬರ, ಔಷಧಿ ಹೊಡೆಯುವ ಪಂಪು, ಪೈಪು, ಕತ್ತಿ, ಹಗ್ಗ, ತೋಟಕ್ಕೆ ಬೇಕಾದದ್ದೆಲ್ಲ ಸಿಗುವ ಅಂಗಡಿ. ಅಪ್ಪ ಹೋದ ಮೇಲೆ ತಮ್ಮ ಅದನ್ನು ನೋಡಿಕೊಳ್ಳುತ್ತಿದ್ದಾನೆ. ಊರ ಹೊರಗೆ ಒಂದು ಸಣ್ಣ ಕಾಫಿ ತೋಟವೂ ಇದೆ. ಅಂಗಡಿಯ ಮಹಡಿಯ ಕೋಣೆಯಲ್ಲಿ ಕೂತು ನಾನು ಎಸ್ಟೇಟ್ ಆಫೀಸುಗಳಿಗೆ ಪ್ರೋಗ್ರಾಂ ಬರೆದುಕೊಡುತ್ತೇನೆ. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಮೆಣಸು ಎಷ್ಟು ಒಣಗಿತು, ಕಾಫಿ ಎಷ್ಟು ಮೂಟೆಯಾಯಿತು, ಇಂಥವು. ಎಂಜಿನಿಯರಿಂಗ್ ಓದಿದವಳು ಇಲ್ಲೇನು ಮಾಡುತ್ತೀ ಎಂದು ಕೇಳುವವರಿಗೆ, ಕೆಲಸ ಇಲ್ಲೂ ಇದೆ ಎಂದಷ್ಟೇ ಹೇಳುತ್ತೇನೆ.

ನಾನು ಮೊದಲು ಕೈಸುಟ್ಟುಕೊಂಡದ್ದು ಮಲ್ಲಂದೂರಿನ ಕಡೆಯ ಒಂದು ತೋಟದಲ್ಲಿ. ಅಲ್ಲಿನ ಆಫೀಸಿನಲ್ಲೊಂದು ಕಂಪ್ಯೂಟರ್, ಚಿಕ್ಕಮಗಳೂರಿನಲ್ಲಿರುವ ಅವರ ಇನ್ನೊಂದು ಆಫೀಸಿನಲ್ಲೊಂದು. ದಿನಾ ಸಂಜೆ ತೋಟದ ಹಾಜರಿ ಚಿಕ್ಕಮಗಳೂರಿನ ಕಂಪ್ಯೂಟರಿಗೆ ತಲುಪಬೇಕು. ಎಲ್ಲರೂ ಮಾಡುವಂತೆಯೇ ಮಾಡಿದೆ. ತೋಟದ ಪ್ರೋಗ್ರಾಂ ಚಿಕ್ಕಮಗಳೂರಿನ ಪ್ರೋಗ್ರಾಂ ಅನ್ನು ನೇರವಾಗಿ ಕರೆಯುತ್ತದೆ, ಉತ್ತರಕ್ಕೆ ಕಾಯುತ್ತದೆ, ಉತ್ತರ ಬಂದರೆ ಮುಂದಕ್ಕೆ ಹೋಗುತ್ತದೆ. ಫೋನು ಮಾಡಿದ ಹಾಗೆ. ಎರಡೂ ಕಡೆಯವರು ಒಂದೇ ಹೊತ್ತಿಗೆ ಹಾಜರಿರಬೇಕು, ನಡುವಿನ ತಂತಿ ಸರಿಯಿರಬೇಕು. ಬೇಸಿಗೆ ಪೂರ್ತಿ ಚೆನ್ನಾಗಿ ನಡೆಯಿತು. ಮಳೆ ಹಿಡಿದದ್ದೇ ತಡ, ಇಲ್ಲಿ ಕರೆಂಟಿದ್ದಾಗ ಅಲ್ಲಿಲ್ಲ, ಅಲ್ಲಿದ್ದಾಗ ನಡುವೆ ಎಲ್ಲೋ ಮರ ಬಿದ್ದು ಕೇಬಲ್ ಹರಿದಿದೆ. ಉತ್ತರಕ್ಕಾಗಿ ಕಾಯುತ್ತಾ ತೋಟದ ಕಂಪ್ಯೂಟರ್ ಬೆಳಗಿನವರೆಗೂ ಹಾಗೇ ನಿಂತಿರುತ್ತಿತ್ತು.

ಆಮೇಲೆ ಬೇರೆ ದಾರಿ ಹಿಡಿದೆ. ಆ ದಾರಿಯನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಆದರೆ ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಮೊದಲೇ ನೋಡಿದ್ದೆ. ಮೂಡಿಗೆರೆಗೆ ಬಂದ ಯಾರಾದರೂ ಇಂಥ ತೋಟಕ್ಕೆ ಇದನ್ನು ಕೊಡಿ ಎಂದು ಔಷಧಿಯನ್ನೋ ಪಂಪಿನ ವಾಷರನ್ನೋ ಅಪ್ಪನ ಹತ್ತಿರ ಇಟ್ಟು ಹೋಗುತ್ತಿದ್ದರು. ಆ ತೋಟದ ಜೀಪು ಪೇಟೆಗೆ ಬಂದಾಗ ಡ್ರೈವರ್ ತೆಗೆದುಕೊಂಡು ಹೋಗುತ್ತಿದ್ದ. ಕೊಟ್ಟವರೂ ಪಡೆದವರೂ ಒಂದೇ ಹೊತ್ತಿಗೆ ಅಂಗಡಿಯಲ್ಲಿ ಇರಬೇಕೆಂದಿರಲಿಲ್ಲ. ಜೀಪು ಬರದಿದ್ದರೆ ಅಪ್ಪ ಕೊಟ್ಟವರಿಗೆ ಹೇಳಿ ಕಳಿಸುತ್ತಿದ್ದರು, ನಿಮ್ಮ ಸಾಮಾನು ಇನ್ನೂ ಇಲ್ಲೇ ಇದೆ ಎಂದು. ಪ್ರೋಗ್ರಾಂಗಳ ನಡುವೆ ಅಂಥದೊಂದು ಅಂಗಡಿ ಇಡುವುದಕ್ಕೆ ನಮ್ಮ ಕಸುಬಿನವರು ಕ್ಯೂ ಎನ್ನುತ್ತಾರೆ. ಮಲ್ಲಂದೂರಿನವರಿಗೆ ಅದನ್ನು ಹಾಕಿದ ಮೇಲೆ ಮಳೆಗಾಲದಲ್ಲಿ ಅವರಿಂದ ನನಗೆ ಫೋನು ಬರುವುದು ನಿಂತಿತು.

ಗೋಣಿಬೀಡಿನ ಸುತ್ತ ಆನೆಗಳ ಓಡಾಟ ಜಾಸ್ತಿಯಾಗಿ, ಬೆಳೆಗಾರರ ಸಂಘವೊಂದು ಕಾವಲಿನವರನ್ನು ಇಟ್ಟುಕೊಂಡಿತ್ತು. ಅವರು ಬೈಕಿನಲ್ಲಿ ತಿರುಗುತ್ತಾ ಆನೆ ಎಲ್ಲಿದೆ ಎಂದು ನೋಡಿ, ಹತ್ತಿರದ ತೋಟದ ರೈಟರಿಗೆ ಫೋನು ಮಾಡುತ್ತಿದ್ದರು. ರೈಟರು ಎಂದರೆ ತೋಟದ ಗುಮಾಸ್ತರು, ಆಳುಗಳನ್ನು ಎಲ್ಲಿಗೆ ಕಳಿಸಬೇಕು ಎಂದು ಮೇಸ್ತ್ರಿಗೆ ಹೇಳುವವರು. ಆ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಮಾತ್ರ, ಆಫೀಸಿನಲ್ಲಿ ಇರುವುದು ತಂತಿಯ ಫೋನು. ಫೋನು ಹೋಗದಿದ್ದರೆ ಕಾವಲಿನವರು ಬೈಕಿನಲ್ಲೇ ಬಂದು ಹೇಳಿ ಹೋಗುತ್ತಿದ್ದರು. ಒರಟು ವ್ಯವಸ್ಥೆ. ಆದರೆ ನಡೆಯುತ್ತಿತ್ತು.

ಇದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಸಂಘದ ಕಾರ್ಯದರ್ಶಿಗಳಿಗೆ ಆಸೆ ಹುಟ್ಟಿತು. ದೊಡ್ಡ ತೋಟದವರು, ಮಾತುಗಾರರು, ಅಪ್ಪನ ಕಾಲದಿಂದ ನಮ್ಮ ಅಂಗಡಿಗೆ ಬರುತ್ತಿದ್ದವರು. ಕಾವಲಿನವರು ಸಂಘದ ಆಫೀಸಿಗೆ ತಿಳಿಸಬೇಕು, ಅಲ್ಲಿಂದ ಎಲ್ಲ ತೋಟಗಳ ಕಂಪ್ಯೂಟರಿಗೂ ಒಂದೇ ಸಲ ಸುದ್ದಿ ಹೋಗಬೇಕು, ಆಯಾ ತೋಟದಲ್ಲಿ ಸೈರನ್ ಕೂಗಬೇಕು. ಬೆಂಗಳೂರಿನ ಒಂದು ಕಂಪನಿಯನ್ನೂ ನನ್ನನ್ನೂ ಕರೆದು, ಹೇಗೆ ಮಾಡುತ್ತೀರಿ ತೋರಿಸಿ ಎಂದರು. ಅದು ಏಪ್ರಿಲ್ ಬಿಸಿಲಿನ ಕಾಲ.

ಕಂಪನಿಯಿಂದ ಬಂದವನು ಮೂವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಸಂಘದ ಸಭೆಯ ಹಾಲ್‌ನ ಗೋಡೆಗೆ ದೊಡ್ಡ ಟಿವಿ ಹಾಕಿ, ಅದರಲ್ಲಿ ನಮ್ಮ ತಾಲ್ಲೂಕಿನ ನಕ್ಷೆ ತೋರಿಸಿದ. ನಕ್ಷೆಯ ಮೇಲೆ ಸಣ್ಣ ಆನೆಗಳು ನಡೆಯುತ್ತಿದ್ದವು. ಒಂದು ಗುಂಡಿ ಒತ್ತಿದರೆ ತೋಟಗಳ ಹೆಸರಿನ ಪಕ್ಕ ಒಂದೊಂದೇ ಹಸಿರು ಗುರುತು ಮೂಡಿತು. ಅದೇ ಹಾಲಿನ ಮೂಲೆಯಲ್ಲಿ, ತೋಟದ ಕಂಪ್ಯೂಟರ್ ಎಂದು ಇಟ್ಟಿದ್ದ ಇನ್ನೊಂದರಿಂದ ಸೈರನ್ ಕೂಗಿತು. ಜನ ಚಪ್ಪಾಳೆ ತಟ್ಟಿದರು.

ಹಸಿರು ಎಂದರೆ ಏನರ್ಥ ಎಂದು ನಾನು ಕೇಳಿದೆ. ಮೆಸೇಜು ಹೋಗಿದೆ ಎಂದರ್ಥ ಎಂದ. ಎಲ್ಲಿಗೆ ಹೋಗಿದೆ ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. ಸಂಘದ ಆಫೀಸಿನಿಂದ ಬೆಂಗಳೂರಿನಲ್ಲಿರುವ ತಮ್ಮ ಸರ್ವರಿಗೆ ಹೋಗುತ್ತದೆ, ಅದು ಒಪ್ಪಿಕೊಂಡ ಕೂಡಲೇ ಹಸಿರು ಬರುತ್ತದೆ, ಆಮೇಲೆ ಆ ಸರ್ವರ್ ತೋಟದ ಕಂಪ್ಯೂಟರನ್ನು ನೇರವಾಗಿ ಕರೆಯುತ್ತದೆ ಎಂದು ವಿವರಿಸಿದ. ತೋಟದಲ್ಲಿ ಯಾರೂ ಉತ್ತರ ಕೊಡದಿದ್ದರೆ? ಎರಡು ಮೂರು ಸಲ ಕರೆದು ಬಿಟ್ಟುಬಿಡುತ್ತದೆ. ಬಿಟ್ಟಿತು ಎಂದು ಇಲ್ಲಿಗೆ ಗೊತ್ತಾಗುತ್ತದೆಯೇ? ಸದ್ಯಕ್ಕೆ ಇಲ್ಲ ಎಂದ.

ನಾನು ನನ್ನ ಲ್ಯಾಪ್‌ಟಾಪ್ ತೆರೆದು ನನ್ನದನ್ನು ತೋರಿಸಿದೆ. ನಕ್ಷೆಯಿಲ್ಲ, ಬಣ್ಣವಿಲ್ಲ, ಸಾಲುಸಾಲು ಅಕ್ಷರ. ಸುದ್ದಿ ನಡುವೆ ಒಂದು ಕಡೆ ಕಾದಿರುತ್ತದೆ, ತೋಟದ ಕಂಪ್ಯೂಟರ್ ಬಂದು ಎತ್ತಿಕೊಳ್ಳುತ್ತದೆ, ಮುಟ್ಟಿತು ಎಂದು ಹೇಳುತ್ತದೆ. ಹೇಳದಿದ್ದರೆ ಸಂಘದ ಆಫೀಸಿಗೂ ಕಾವಲಿನವರಿಗೂ ಇಂಥ ತೋಟಕ್ಕೆ ಮುಟ್ಟಿಲ್ಲ ಎಂದು ತಿಳಿಯುತ್ತದೆ, ಆಗ ಯಾರಾದರೂ ಎದ್ದು ಹೋಗಬೇಕು. ಕಂಪನಿಯವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ: ಸುದ್ದಿ ಕಾದಿದ್ದು ತಡವಾಗಿ ತಲುಪಿದರೆ ಆನೆ ಅಷ್ಟರಲ್ಲಿ ದಾಟಿ ಹೋಗಿರುತ್ತದೆ, ಹಳೆಯ ಸುದ್ದಿ ಹೊಸದರಂತೆ ಕೂಗಿದರೆ ಜನ ಅಪಾಯದ ಕಡೆಗೇ ಓಡಬಹುದಲ್ಲ? ಅದು ನಿಜವಾದ ಸಮಸ್ಯೆ, ನಾನೂ ಅದರಲ್ಲಿ ತಲೆ ಕೆಡಿಸಿಕೊಂಡಿದ್ದೆ. ಪ್ರತಿ ಸುದ್ದಿಗೂ ಹೊರಟ ಹೊತ್ತನ್ನು ಅಂಟಿಸಿ, ಇಷ್ಟು ಹೊತ್ತಿನ ಮೇಲೆ ತಾನಾಗೇ ಅಳಿಸಿಹೋಗುವಂತೆ ಮಾಡಿದ್ದೆ. ಅದನ್ನು ಹೇಳಿದಾಗ ಅವನು ತಲೆಯಾಡಿಸಿದ. ನಾವಿಬ್ಬರೇ ಕೂತಿದ್ದರೆ ಅರ್ಧ ದಿನದಲ್ಲಿ ಒಂದು ತೀರ್ಮಾನಕ್ಕೆ ಬರುತ್ತಿದ್ದೆವು ಎಂದು ನನಗೆ ಈಗಲೂ ಅನಿಸುತ್ತದೆ.

ತೀರ್ಮಾನ ಮಾಡಿದವರು ಕಾರ್ಯದರ್ಶಿಗಳು. ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ಪ್ರೀತಿಯಿಂದಲೇ ಮಾತಾಡಿದರು.

"ನಿಂದು ಚೆನ್ನಾಗೇ ಇದೆ ಮಾರಾಯ್ತಿ, ಇಲ್ಲ ಅನ್ನಲ್ಲ. ಆದ್ರೆ ಅದ್ರಲ್ಲಿ ತೋರ್ಸೋಕೆ ಏನಿದೆ? ನಾಳೆ ಆಫೀಸರುಗಳು ಬರ್ತಾರೆ, ಎಂ.ಎಲ್.ಎ. ಬರ್ತಾರೆ. ಅವ್ರು ಏನನ್ನ ನೋಡ್ಬೇಕು?"

ಆ ಮಾತು ಕೇಳಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟುಕೊಂಡೆ. ಅವತ್ತು ಸಿಟ್ಟು ಬರಲಿಲ್ಲ, ಬೇಜಾರಾಯಿತು. ಕೆಲಸ ಕೈತಪ್ಪುವುದು ಹೊಸದೇನಲ್ಲ. ಆದರೂ ಹೊರಡುವ ಮುನ್ನ ಒಂದು ಮಾತು ಹೇಳಿದೆ: ಯಾರದ್ದೇ ಹಾಕಿಸಿ, ಮುಟ್ಟಿದ್ದು ಗೊತ್ತಾಗದ ಹೊರತು ಹಸಿರು ತೋರಿಸಬೇಡಿ. ಅವರು ನನ್ನ ಭುಜ ತಟ್ಟಿದರು.

ಮಳೆಗಾಲಕ್ಕೆ ಮೊದಲೇ ತೋಟಗಳಲ್ಲಿ ಸೈರನ್‌ಗಳು ಕೂತವು. ಉದ್ಘಾಟನೆಯೂ ಆಯಿತು. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು, ಅದು ನನಗೆ ತಿಳಿದದ್ದು ಆಮೇಲೆ. ಇನ್ನು ಮೇಲೆ ಕಾವಲಿನವರು ತೋಟಗಳಿಗೆ ಬೇರೆ ಫೋನು ಮಾಡಬಾರದು, ಎಲ್ಲವೂ ಕಂಪ್ಯೂಟರಿನಿಂದಲೇ ಹೋಗಬೇಕು, ಎರಡೆರಡು ಕಡೆಯಿಂದ ಸುದ್ದಿ ಬಂದರೆ ಗೊಂದಲವಾಗುತ್ತದೆ ಎಂದು ಹೇಳಿಬಿಟ್ಟರು. ಕಾವಲಿನವರಿಗೂ ಕೆಲಸ ಹಗುರವಾಯಿತು. ಸಂಘಕ್ಕೆ ತಿಳಿಸಿದರೆ ಮುಗಿಯಿತು.

ಜುಲೈ ತಿಂಗಳಲ್ಲಿ ಗಾಳಿ ಎದ್ದಿತು. ಹಲಸಿನ ಹಣ್ಣಿನ ವಾಸನೆಗೆ ಆನೆಗಳು ತೋಟದೊಳಗೇ ಇರುವ ಕಾಲ. ಗೋಣಿಬೀಡಿನಿಂದ ಒಳಗೆ ಹೋಗುವ ದಾರಿಯ ಒಂದು ತೋಟದಲ್ಲಿ ಸಿಲ್ವರ್ ಮರವೊಂದು ಬಿದ್ದು ಕರೆಂಟಿನ ತಂತಿಯೂ ಕೇಬಲ್ಲೂ ಒಟ್ಟಿಗೆ ಹರಿದಿದ್ದವು. ಕಂಪ್ಯೂಟರಿನ ಬ್ಯಾಟರಿ ಖಾಲಿಯಾಗಿ ಆಫೀಸು ಕತ್ತಲಾಗಿತ್ತು. ಬೆಳಿಗ್ಗೆ ಆಳುಗಳು ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕಳೆ ತೆಗೆಯಲು ಕೆಳಗಿನ ಬ್ಲಾಕಿಗೆ ಹೊರಟರು. ಒಂಟಿ ಸಲಗವೊಂದು ಹಳ್ಳ ದಾಟಿ ಅದೇ ಬ್ಲಾಕಿಗೆ ಇಳಿದದ್ದನ್ನು ಕಾವಲಿನವನು ಅಷ್ಟು ಹೊತ್ತಿಗೆ ನೋಡಿದ್ದ, ಸಂಘಕ್ಕೆ ತಿಳಿಸಿಯೂ ಇದ್ದ. ಸಂಘದ ಆಫೀಸಿನಲ್ಲಿ ಗುಂಡಿ ಒತ್ತಿದರು. ಟಿವಿಯ ಮೇಲೆ ಎಲ್ಲ ತೋಟಗಳ ಪಕ್ಕದಲ್ಲೂ ಹಸಿರು ಬಂತು, ಆ ತೋಟದ ಪಕ್ಕದಲ್ಲೂ.

ಮುಂದಿನ ಸಾಲಿನಲ್ಲಿದ್ದವಳು ನಲವತ್ತು ದಾಟಿದ ಹೆಂಗಸು. ಹುಟ್ಟಿದ್ದೇ ಆ ತೋಟದ ಆಳುಗಳ ಲೈನ್ ಮನೆಯಲ್ಲಿ. ಕಾಫಿ ಗಿಡಗಳ ನಡುವಿನಿಂದ ಆನೆ ಬಂದಾಗ ಹಿಂದಿನವರು ಓಡಿದರು, ಅವಳು ಜಾರಿ ಚರಂಡಿಗೆ ಬಿದ್ದಳು. ಆನೆ ಸೊಂಡಿಲಿನಿಂದ ಒಮ್ಮೆ ನೂಕಿ, ಏನನ್ನಿಸಿತೋ, ತಿರುಗಿ ಹೋಯಿತು. ಜೀವ ಉಳಿಯಿತು. ಸೊಂಟದ ಮೂಳೆ, ಒಂದು ಕಾಲು ಮುರಿದಿದ್ದವು. ಜೀಪಿನಲ್ಲಿ ಮೂಡಿಗೆರೆಗೆ, ಅಲ್ಲಿಂದ ಹಾಸನಕ್ಕೆ ಒಯ್ದರು.

ಇಷ್ಟು ನನಗೆ ಅದೇ ದಿನ ಅಂಗಡಿಯಲ್ಲಿ ತಿಳಿಯಿತು. ಮರುದಿನ ಪೇಪರು ನೋಡಿ ಮೈ ಉರಿಯಿತು. ಸಂಘದಿಂದ ಸಕಾಲಕ್ಕೆ ಮುನ್ಸೂಚನೆ ಹೋಗಿತ್ತು, ಅದನ್ನು ಲೆಕ್ಕಿಸದೆ ಕೆಲಸಕ್ಕೆ ಇಳಿದದ್ದರಿಂದ ಹೀಗಾಯಿತು ಎಂಬ ಅರ್ಥದಲ್ಲಿ ಕಾರ್ಯದರ್ಶಿಗಳು ಹೇಳಿಕೆ ಕೊಟ್ಟಿದ್ದರು. ಪಕ್ಕದಲ್ಲಿ ನಕ್ಷೆಯ ಫೋಟೋ ಬೇರೆ.

ಆ ತೋಟದ ರೈಟರು ನನಗೆ ಹಳೆಯ ಪರಿಚಯ. ಅವರ ಹಾಜರಿಯ ಪ್ರೋಗ್ರಾಂ ನನ್ನದೇ. ಎರಡು ದಿನ ಬಿಟ್ಟು ಅವರೇ ಮಹಡಿ ಹತ್ತಿ ಬಂದರು. ನೆನೆದ ಕೊಡೆಯನ್ನು ಮೆಟ್ಟಿಲ ಮೇಲೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ತೋಟದ ಸಾಹುಕಾರರು ಅವರನ್ನು ಕರೆದು, ಸೈರನ್ ಕೂಗಿದರೂ ಆಳುಗಳನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದರಂತೆ.

"ಕೂಗಿದ್ರೆ ತಾನೆ ಮೇಡಂ? ಕರೆಂಟೇ ಇರ್ಲಿಲ್ಲ. ಹಂಗಂದ್ರೆ, ಅಲ್ಲಿ ಹಸಿರು ಬಂದಿದೆಯಲ್ಲ ಅಂತಾರೆ. ನನ್ನ ಮಾತಿಗಿಂತ ಆ ಟಿವಿ ಮಾತೇ ಹೆಚ್ಚಾಯ್ತು ಅವ್ರಿಗೆ."

ಮೊದಲಾಗಿದ್ದರೆ ಕಾವಲಿನವನು ಫೋನು ಮಾಡುತ್ತಿದ್ದ, ಹೋಗದಿದ್ದರೆ ಬೈಕು ಹತ್ತುತ್ತಿದ್ದ, ಅವನಿದ್ದ ಜಾಗ ತಮ್ಮ ತೋಟದ ಗೇಟಿನಿಂದ ದೂರವೇನೂ ಇರಲಿಲ್ಲ ಎಂದು ಅವರು ಹೇಳಿದರು. ಫೋನು ಮಾಡುವುದು ಬೇಡ ಎಂದಿದ್ದಾರೆಂಬುದು ನನಗೆ ಗೊತ್ತಾದದ್ದು ಆಗಲೇ. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ನಡೆಯುತ್ತಿದ್ದ ಒಂದು ದಾರಿಯನ್ನು ಮುಚ್ಚಿ, ನಡೆಯುತ್ತದೋ ಇಲ್ಲವೋ ಎಂದು ತನಗೇ ತಿಳಿಯದ ಒಂದನ್ನು ಅದರ ಜಾಗಕ್ಕೆ ತಂದಿಟ್ಟಿದ್ದರು. ಫೋನು ಹೋಗದಿದ್ದರೆ ಹೋಗಲಿಲ್ಲ ಎಂದು ಮನುಷ್ಯನಿಗೆ ಗೊತ್ತಾಗುತ್ತಿತ್ತು, ಅದನ್ನೂ ಕಿತ್ತುಕೊಂಡರು.

ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ಮೇಲೆ ರೈಟರ ಜೊತೆ ನೋಡಲು ಹೋದೆ. ಲೈನಿನ ಕೊನೆಯ ಮನೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕಾಲಿನ ಕೆಳಗೆ ಮಡಚಿದ ಕಂಬಳಿ. ಕಿಟಕಿಯ ಬಳಿ ಸಂಘದವರು ತಂದಿಟ್ಟ ಹಣ್ಣಿನ ಬುಟ್ಟಿ ಬಿಚ್ಚದೆ ಹಾಗೇ ಇತ್ತು. ನಾನು ಯಾರೆಂದು ರೈಟರು ಹೇಳಿದರು, ಕಂಪ್ಯೂಟರಿನವರು ಎಂದು. ಆ ಮಾತು ಕೇಳಿ ಅವಳ ಮುಖ ಬಿಗಿಯಿತು. ಆ ಸೈರನ್ ನನ್ನದಲ್ಲ ಎಂದು ವಿವರಿಸಲು ಹೊರಟೆ, ಅವಳು ಪೂರ್ತಿ ಕೇಳಲಿಲ್ಲ. ಯಾರದ್ದಾದರೆ ಅವಳಿಗೇನು.

ನೋವು ಹೇಗಿದೆ ಎಂದು ಕೇಳಿದೆ. ಅದರ ಬಗ್ಗೆ ಹೆಚ್ಚು ಹೇಳಲಿಲ್ಲ. ಮಗಳು ಪೇಪರು ಓದಿ ಹೇಳಿದಳು ಎಂದಳು. ಪಕ್ಕದ ತೋಟದವರೂ ಓದಿದ್ದಾರೆ, ಆಸ್ಪತ್ರೆಯಲ್ಲಿ ನರ್ಸು ಕೂಡ, ಹೇಳಿದರೂ ಯಾಕಮ್ಮ ಹೋದೆ ಎಂದು ಕೇಳಿದಳಂತೆ.

"ನಾನೇನು ಕಿವುಡೀನಾ ಅಮ್ಮ? ಆನೆ ಬಂದಿದೆ ಅಂತ ಗೊತ್ತಿದ್ದೂ ಹೋಗೋಕೆ ನಂಗೇನು ಹುಚ್ಚಾ? ಕಾಲು ಹೋದ್ರೆ ಹೋಗ್ಲಿ. ಅವ್ರು ಹಂಗೆ ಬರ್ಸಿದ್ದು ತಪ್ಪು ಅಂತ ಅವ್ರ ಬಾಯಿಂದ ಹೇಳ್ಸಿ."

ಹೇಳಿಸುತ್ತೇನೆ ಎಂದೆ. ಹಾಗೆ ಮಾತು ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

ಸಂಘದ ತಿಂಗಳ ಸಭೆಗೆ ಹೋದೆ. ನಮ್ಮ ಸಣ್ಣ ತೋಟದ ಲೆಕ್ಕದಲ್ಲಿ ನಾನೂ ಸದಸ್ಯೆ, ಆದರೆ ಅಲ್ಲಿಯವರೆಗೆ ಸಭೆಗೆ ಹೋದವಳಲ್ಲ. ಸಭೆಯ ಹಾಲ್ ತುಂಬಿತ್ತು. ಹೊರಗೆ ಮಳೆ ಜೋರಾಗಿತ್ತು. ಅನಾಹುತದ ವಿಷಯ ಬಂದಾಗ ಕಾರ್ಯದರ್ಶಿಗಳು ಪೇಪರಿನಲ್ಲಿ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ಆಳುಗಳಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ಇಟ್ಟುಕೊಳ್ಳಬೇಕು, ಸೈರನ್ನಿಗೆ ಬೆಲೆ ಕೊಡುವುದನ್ನು ಕಲಿಸಬೇಕು ಎಂದರು. ಅಲ್ಲಿಯವರೆಗೆ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕಲಿಸಬೇಕು ಎಂಬ ಮಾತು ಕೇಳಿದ ಮೇಲೆ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

ಎದ್ದು ನೆಟ್ಟಗೆ ಹಾಲಿನ ಮೂಲೆಗೆ ಹೋದೆ. ಅಲ್ಲಿ ಏಪ್ರಿಲ್‌ನಲ್ಲಿ ತೋರಿಸಲೆಂದು ಇಟ್ಟ ಕಂಪ್ಯೂಟರ್, ಸೈರನ್ ಹಾಗೇ ಇದ್ದವು. ಬಂದವರಿಗೆಲ್ಲ ತೋರಿಸಲು ಬೇಕಲ್ಲ. ಅದರ ಹಿಂದಿನ ನೆಟ್ಟಿನ ವೈರನ್ನು ಎಲ್ಲರೂ ನೋಡುವಂತೆ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಟಿವಿಯ ಪಕ್ಕ ಕೂತಿದ್ದ ಆಫೀಸಿನ ಹುಡುಗಿಗೆ, ಇಲ್ಲಿಗೆ ಒಂದು ಮೆಸೇಜು ಕಳಿಸು ಎಂದೆ. ಅವಳು ಕಾರ್ಯದರ್ಶಿಗಳ ಮುಖ ನೋಡಿದಳು. ಹಿಂದಿನಿಂದ ಯಾರೋ ಕಳಿಸಮ್ಮ ಎಂದರು. ಕಳಿಸಿದಳು. ನಕ್ಷೆಯ ಮೇಲೆ ಹಸಿರು ಗುರುತು ಬಂತು. ಸೈರನ್ ಸುಮ್ಮನಿತ್ತು. ವೈರು ನನ್ನ ಕೈಯಲ್ಲಿ ನೇತಾಡುತ್ತಿತ್ತು.

ಕಾರ್ಯದರ್ಶಿಗಳು ನಕ್ಕರು.

"ವೈರ್ ಕಿತ್ತುಹಾಕಿದ್ರೆ ಯಾವ್ದು ತಾನೆ ಕೆಲ್ಸ ಮಾಡುತ್ತೆ?"

"ಕೆಲ್ಸ ಮಾಡೋದು ಬೇಡ ಸರ್. ಮಾಡ್ಲಿಲ್ಲ ಅಂತ ಹೇಳ್ಲಿ, ಅಷ್ಟು ಸಾಕು. ಇದು ಆಯ್ತು ಅಂತ ಹೇಳ್ತಿದೆ. ನೀವು ಅದನ್ನೇ ಪೇಪರಿಗೆ ಕೊಟ್ರಿ."

ನನ್ನ ದನಿ ಏರಿತ್ತು ಎಂದು ಆಮೇಲೆ ಹಲವರು ಹೇಳಿದರು. ಏರಿರಬಹುದು. ಆ ತೋಟದಲ್ಲಿ ಅವತ್ತು ಸೈರನ್ ಕೂಗಿಲ್ಲ, ಅದಕ್ಕೆ ಸುದ್ದಿಯೇ ಮುಟ್ಟಿಲ್ಲ, ಆ ಹೆಂಗಸು ಯಾವುದನ್ನೂ ನಿರ್ಲಕ್ಷಿಸಿಲ್ಲ, ಇದನ್ನು ನೀವೇ ಪೇಪರಿನಲ್ಲಿ ಹೇಳಬೇಕು ಎಂದೆ. ಅವರು, ಕಂಪನಿಯವರನ್ನು ಕೇಳೋಣ ಎಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಕಡೆ ತಿರುಗಿದರು. ಅವನನ್ನು ಅವತ್ತು ಬೆಂಗಳೂರಿನಿಂದ ಕರೆಸಿದ್ದರು, ತಮ್ಮ ಪರವಾಗಿ ಮಾತಾಡಲಿ ಎಂದೇ ಇರಬೇಕು. ಅವನು ಎದ್ದು ನಿಂತ. ಮೇಡಂ ತೋರಿಸಿದ್ದು ಸರಿ, ನಮ್ಮ ಪ್ರೋಗ್ರಾಂ ಇರುವುದು ಹಾಗೇ, ಬದಲಾಯಿಸಬೇಕೆಂದು ನಾನೂ ನಮ್ಮವರಿಗೆ ಹೇಳಿದ್ದೆ ಎಂದು ಮೆಲ್ಲಗೆ ಹೇಳಿ ಕೂತ. ಅವನ ಮೇಲೆ ಇದ್ದ ಸಿಟ್ಟು ಅಲ್ಲಿಗೆ ಅರ್ಧ ಹೋಯಿತು. ಉಳಿದರ್ಧ ಹೋಗಲಿಲ್ಲ, ಯಾಕೆಂದರೆ ಹೇಳಿ ಸುಮ್ಮನಾದವರಲ್ಲಿ ಅವನೂ ಒಬ್ಬ.

ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೇ ಎಂದು ಕಾರ್ಯದರ್ಶಿಗಳು ಸಭೆಯನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಬೆಳೆಗಾರರು ಕೂತಲ್ಲಿಂದಲೇ ಹೇಳಿದರು: "ಹೇಳಿದಾಳೆ ಮಾರಾಯ. ಇದೇ ಹಾಲಲ್ಲಿ. ನಾವೆಲ್ಲ ಇದ್ವಿ."

ಅದಾದ ಮೇಲೆ ಯಾರಾದರೂ ಇನ್ನೇನಾದರೂ ಹೇಳಬಹುದು ಎಂದು ಕಾದೆ. ಹಾಲಿನ ತುಂಬಾ ನಮ್ಮ ಅಂಗಡಿಗೆ ಬರುವವರೇ. ನನ್ನನ್ನು ಸಣ್ಣವಳಿದ್ದಾಗಿನಿಂದ ನೋಡಿದವರು. ತಲೆ ಬಗ್ಗಿಸಿಕೊಂಡವರು, ಫೋನು ನೋಡುತ್ತಿದ್ದವರು, ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದವರು. ಪೇಪರಿನ ಹೇಳಿಕೆ ತಿದ್ದುತ್ತೀರಾ ಎಂದು ಮತ್ತೆ ಕೇಳಿದೆ. ಮುಗಿದ ವಿಷಯವನ್ನು ಕೆದಕಿ ಸಂಘದ ಹೆಸರು ಕೆಡಿಸುವುದು ಬೇಡ, ಅವಳ ಆಸ್ಪತ್ರೆಯದ್ದೆಲ್ಲ ನೋಡಿಕೊಂಡಿದ್ದೇವಲ್ಲ ಎಂದು ಕಾರ್ಯದರ್ಶಿಗಳು ಉತ್ತರಿಸಿದರು. ಮುಂದಿನ ವಿಷಯಕ್ಕೆ ಹೋದರು. ಕಾಳುಮೆಣಸಿನ ರೋಗದ ಬಗ್ಗೆ ಯಾರೋ ಮಾತಾಡಲು ಬಂದಿದ್ದರು. ಬಾಗಿಲ ಬಳಿ ಟೀ ಲೋಟಗಳ ಸದ್ದು ಕೇಳಿಸುತ್ತಿತ್ತು. ಕೈಯಲ್ಲಿದ್ದ ವೈರನ್ನು ಮೇಜಿನ ಮೇಲಿಟ್ಟು ನಾನು ಮಳೆಯಲ್ಲೇ ಹೊರಟು ಬಂದೆ.

ಮನೆಗೆ ಬಂದಾಗ ವಿಷಯ ನನಗಿಂತ ಮುಂಚೆ ಬಂದಿತ್ತು. ಮುಂದಿನ ವಾರ ಅಂಗಡಿಗೆ ಬರಬೇಕಾಗಿದ್ದ ಕೆಲವರು ಬರಲಿಲ್ಲ, ಅಮ್ಮ ಅದನ್ನೂ ನನಗೆ ಎತ್ತಿ ಹೇಳಿದರು. ನಾನು ಆ ಪತ್ರಿಕೆಯ ಇಲ್ಲಿನ ವರದಿಗಾರರಿಗೆ ನಡೆದದ್ದನ್ನು ಹೇಳಿದೆ. ಅವರು ಸಹಾನುಭೂತಿಯಿಂದ ಕೇಳಿಸಿಕೊಂಡು, ಕಾರ್ಯದರ್ಶಿಗಳು ಹೇಳಿಕೆ ಕೊಟ್ಟರೆ ಹಾಕಬಹುದು ಎಂದರು. ತಪ್ಪು ಮಾಡಿದವರೇ ತಪ್ಪಾಯಿತು ಎನ್ನದ ಹೊರತು ಅದು ಸುದ್ದಿಯಲ್ಲವಂತೆ.

ಆ ಸಿಟ್ಟಿನಲ್ಲೇ ಕೆಲಸಕ್ಕೆ ಕೂತೆ. ಯಾರೂ ಕೇಳಿರಲಿಲ್ಲ. ರೈಟರ ತೋಟಕ್ಕೆ, ಅದರ ಆಚೀಚೆಯ ಒಂದೆರಡು ತೋಟಗಳಿಗೆ ನನ್ನ ದಾರಿಯಲ್ಲೇ ಮಾಡಿದೆ. ಸಂಘಕ್ಕೆ ತಿಳಿಸುವಾಗ ನನಗೂ ಒಂದು ಮೆಸೇಜು ಹಾಕುವುದಕ್ಕೆ ಆ ಕಡೆಯ ಕಾವಲಿನವನು ಒಪ್ಪಿದ. ನಡುವಿನ ಅಂಗಡಿಯನ್ನು ಎಲ್ಲಿಡಬೇಕೆಂದು ಬಹಳ ಯೋಚಿಸಿ, ದೂರದ ಊರಿನ ಸರ್ವರ್ ಬಿಟ್ಟು ನನ್ನ ಕೋಣೆಯಲ್ಲೇ, ದೊಡ್ಡ ಬ್ಯಾಟರಿಯ ಜೊತೆ ಇಟ್ಟೆ. ಇನ್ನೊಂದು ವಿಷಯಕ್ಕೆ ನನ್ನೊಳಗೇ ಜಗಳವಾಯಿತು. ಕಂಪ್ಯೂಟರಿಗೆ ಸುದ್ದಿ ಬಂದದ್ದೇ ಮುಟ್ಟಿದ ಲೆಕ್ಕವೋ, ಮನುಷ್ಯ ನೋಡಿದ ಮೇಲೆ ಮುಟ್ಟಿದ ಲೆಕ್ಕವೋ? ಮೆಷಿನ್ ತಾನಾಗೇ ಮುಟ್ಟಿತು ಎಂದು ಹೇಳುವುದು ಸುಲಭ. ಆದರೆ ಸೈರನ್ ಕೆಟ್ಟಿದ್ದರೆ, ಆಫೀಸಿನಲ್ಲಿ ಯಾರೂ ಇಲ್ಲದಿದ್ದರೆ? ಕೊನೆಗೆ ರೈಟರೇ ಬಂದು ಗುಂಡಿ ಒತ್ತಬೇಕು ಎಂದು ಮಾಡಿದೆ. ಒತ್ತದಿದ್ದರೆ ಕೆಲವೇ ನಿಮಿಷದಲ್ಲಿ, ಸಿಗ್ನಲ್ ಇರುವ ಗುಡ್ಡದ ಮೇಲೇ ಕಾದಿರುವ ಕಾವಲಿನವನ ಫೋನು ಬಡಿದುಕೊಳ್ಳುತ್ತದೆ, ಅವನು ಬೈಕು ಹತ್ತಬೇಕು. ರೈಟರು ಮೊದಮೊದಲು ಗೊಣಗಿದರು, ಕಣದಲ್ಲಿದ್ದರೂ ಓಡಿ ಬರಬೇಕಲ್ಲ ಮೇಡಂ ಎಂದು. ಓಡಿ ಬನ್ನಿ ಎಂದೆ.

ಮರುವರ್ಷದ ಮಳೆಗಾಲಕ್ಕೆ ಮುಂಚೆ ಸಂಘದಿಂದಲೇ ಕರೆ ಬಂತು. ಎಲ್ಲ ತೋಟಗಳಿಗೂ ಅದನ್ನೇ ಹಾಕಿಕೊಡಬೇಕೆಂದು. 'ಇಲ್ಲ' ಎನ್ನಬೇಕೆಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಇಲ್ಲ ಎಂದರೆ ನಷ್ಟವಾಗುವುದು ಕಾರ್ಯದರ್ಶಿಗಳಿಗಲ್ಲ, ಕೊಪ್ಪೆ ಹೊದ್ದು ಬೆಳಿಗ್ಗೆ ತೋಟಕ್ಕೆ ಇಳಿಯುವವರಿಗೆ. ಹಾಕಿಕೊಟ್ಟೆ. ಟಿವಿಯ ನಕ್ಷೆ ಹಾಗೇ ಇದೆ, ಅದರ ಹಿಂದೆ ಓಡುವುದು ನನ್ನ ಪ್ರೋಗ್ರಾಂ. ಸಂಘ ತನ್ನ ವ್ಯವಸ್ಥೆಯನ್ನು ಇನ್ನಷ್ಟು ಉತ್ತಮಗೊಳಿಸಿದೆ ಎಂದು ಮತ್ತೊಂದು ಕಾರ್ಯಕ್ರಮ ನಡೆಯಿತು. ನನಗೂ ಶಾಲು ಹೊದಿಸುತ್ತೇವೆ ಬಾ ಎಂದಿದ್ದರು.

ನಾನು ಹೋಗಲಿಲ್ಲ. ಆಮೇಲೊಂದು ದಿನ ಔಷಧಿ ಅಂಗಡಿಯಲ್ಲಿ ಕಾರ್ಯದರ್ಶಿಗಳು ಎದುರಾದರು. ಹಳೆಯ ಪ್ರೀತಿಯಿಂದಲೇ ಮಾತಾಡಿಸಿ, ನಿನ್ನದೇ ಹಾಕಿಸಿದೆವಲ್ಲ, ಈಗ ಸಮಾಧಾನವಾಯಿತಾ ಎಂದು ಕೇಳಿದರು. ಪೇಪರಿನ ವಿಷಯ ಎಂದೆ. ಅವರಿಗೆ ತಟ್ಟನೆ ನೆನಪಾಗಲಿಲ್ಲ. ಯಾವ ಪೇಪರು ಎಂದು ಕೇಳಿದರು. ನಾಟಕ ಮಾಡುತ್ತಿರಲಿಲ್ಲ, ಅವರು ನಿಜವಾಗಿಯೂ ಮರೆತಿದ್ದರು. ನನ್ನ ಸಿಟ್ಟಿಗೆ ಇದ್ದ ಒಂದು ಕೊನೆಯ ಸಂಕೋಚವೂ ಅಲ್ಲಿ ಹೋಯಿತು.

ಅವಳು ಈಗ ಕೋಲು ಹಿಡಿದು ನಡೆಯುತ್ತಾಳೆ. ಇಳಿಜಾರಿನ ಕೆಲಸ ಆಗುವುದಿಲ್ಲ. ನರ್ಸರಿಯಲ್ಲಿ ಕೂತು, ಕಾಫಿ ಸಸಿ ನೆಡುವ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಾಳೆ. ಸೈರನ್ ನೋಡಲು ಆ ತೋಟಕ್ಕೆ ಹೋದಾಗಲೆಲ್ಲ ಅವಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಸಲ ಹೋದಾಗ, ಈಗ ಎಲ್ಲ ಕಡೆ ಹೊಸದು ಹಾಕಿದ್ದೇವೆ, ಮುಟ್ಟದಿದ್ದರೆ ಬೈಕಿನಲ್ಲಿ ಬಂದು ಹೇಳುತ್ತಾರೆ ಎಂದು ತಿಳಿಸಿದೆ.

"ಒಳ್ಳೇದಾಯ್ತು ಬಿಡಿ," ಎಂದಳು. ಚೀಲವನ್ನು ನೆಲಕ್ಕೆ ಕುಟ್ಟಿ ಮಣ್ಣು ಕೂರಿಸಿದಳು. "ಪೇಪರಲ್ಲಿ ಹಾಕಿದ್ರಾ?"

ಇಲ್ಲ ಎಂದೆ.

ಅವಳು ಇನ್ನೊಂದು ಚೀಲ ಬಿಡಿಸಿಕೊಂಡಳು.